ಮಟ್ಟಿಯ ಕೋಣೆ

ಎಳ್ಳೆಣ್ಣೆ, ಹುಳಿ ಮಜ್ಜಿಗೆ, ಅರಿಶಿನ, ಕರ್ಪೂರ, ಇವುಗಳಡಿಯಲ್ಲಿ ಗಂಡಸರ ಬೆವರು. ಇಷ್ಟೂ ಕೆಮ್ಮಣ್ಣಿನಲ್ಲಿ ಕಲೆತು ವರ್ಷಗಟ್ಟಲೆ ಹಳತಾದರೆ ಒಂದು ವಾಸನೆ ಬರುತ್ತದೆ. ಗುರುಮಲ್ಲಮ್ಮನಿಗೆ ಅದು ಅಪ್ಪನ ವಾಸನೆ. ಚಿಕ್ಕಂದಿನಲ್ಲಿ ಅಪ್ಪ ಬೆಳಗ್ಗೆ ಗರಡಿಯಿಂದ ಬಂದು ಜಗುಲಿಯ ಮೇಲೆ ಕೂತರೆ ಅವಳು ಹಿಂದಿನಿಂದ ಹೋಗಿ ಅವನ ಕತ್ತು ತಬ್ಬಿಕೊಳ್ಳುತ್ತಿದ್ದಳು. ಅವನ ಕಿವಿಯ ಹಿಂದೆ, ಹೆಗಲ ಮೇಲಿನ ವಸ್ತ್ರದಲ್ಲಿ, ಉಗುರಿನ ಸಂದಿಯಲ್ಲಿ ಅದೇ ವಾಸನೆ ಇರುತ್ತಿತ್ತು. ಆ ಮಣ್ಣನ್ನು ಮಾತ್ರ ಅವಳು ಹತ್ತಿರದಿಂದ ನೋಡಿರಲಿಲ್ಲ. ಕುಸ್ತಿಯ ಕಣಕ್ಕೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ.

೧೯೫೭ರ ಬೇಸಿಗೆಯಲ್ಲಿ, ಏಳು ತಿಂಗಳ ಬಸುರಿಯಾಗಿ, ಚೊಚ್ಚಲ ಹೆರಿಗೆಗೆಂದು ಗುಂಡ್ಲುಪೇಟೆಯಿಂದ ಚಾಮರಾಜನಗರದ ತವರಿಗೆ ಬಂದು ಹೊಸಿಲು ದಾಟುತ್ತಿದ್ದಂತೆ ಅವಳಿಗೆ ಅವ್ವನ ಮುಖ ಕಾಣುವ ಮೊದಲೇ ಮೂಗಿಗೆ ಆ ವಾಸನೆ ಬಡಿಯಿತು.

"ಅವ್ವಾ, ಅಪ್ಪ ಮನೇಲವ್ನಾ?"

"ಎಲ್ಲವ್ನೆ? ಬೆಳಗ್ಗೆಯಿಂದ ಕುಸ್ತಿ ಕೊಟ್ಟಿಗೇಲೆ ಬಿದ್ದವ್ನೆ. ಯಾಕಮ್ಮಿ?"

"ಅಪ್ಪನ ವಾಸ್ನೆ ಬತ್ತಾ ಅದೆ."

ದೊಡ್ಡಮಲ್ಲಮ್ಮ ಮಗಳ ಕೈಯಿಂದ ಬಟ್ಟೆಗಂಟು ಇಸಿದುಕೊಂಡು ಗೋಡೆಗೆ ಒರಗಿಸಿದಳು. "ಬಾ, ನೋಡ್ಬಾ. ನಿನ್ನ ಬಾಣಂತಿ ಕೋಣೇನ ನಿಮ್ಮಪ್ಪ ಹೆಂಗೆ ಸಿಂಗಾರ ಮಾಡವ್ನೆ, ನೋಡ್ಬಾ."

ಹಿಂದಿನ ಕೋಣೆಯ ಬಾಗಿಲು ತೆರೆದರೆ ಒಳಗೆ ನೆಲವೇ ಇರಲಿಲ್ಲ. ಮೊಣಕಾಲುದ್ದ ಕೆಂಪು ಮಣ್ಣಿನ ಗುಡ್ಡೆ ಗೋಡೆಯಿಂದ ಗೋಡೆಗೆ ಹಬ್ಬಿತ್ತು. ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ.

"ಇದೇನವ್ವಾ ಇದು?"

"ಮಟ್ಟಿ. ಕಣದ ಮಟ್ಟಿ. ಕೊಟ್ಟಿಗೆ ಕೆಡವ್ತಾ ಅವ್ರೆ ಕಣಮ್ಮಿ, ಬಸ್ ಸ್ಟ್ಯಾಂಡ್ ಮಾಡಕ್ಕೆ. ಅದ್ಕೆ ನಿಮ್ಮಪ್ಪ ಮಣ್ಣ ಮನೇಗೆ ಹೊತ್ಕ ಬತ್ತಾ ಅವ್ನೆ. ಇನ್ನೂ ಅರ್ದ ಅಲ್ಲೇ ಅದೆ."

ಗುರುಮಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಇಪ್ಪತ್ತು ಮೈಲಿ ಮಣ್ಣುದಾರಿಯಲ್ಲಿ ಬಸ್ಸು ಕುಲುಕಿ ಸೊಂಟ ನೋಯುತ್ತಿತ್ತು. "ನಾನೆಲ್ಲಿ ಮಲಗನ?" ಎಂದಳು.

"ಅದ ನಿಮ್ಮಪ್ಪನ್ನೇ ಕೇಳು."

*

ಊರಿನವರು ಕುಸ್ತಿ ಕೊಟ್ಟಿಗೆ ಎನ್ನುತ್ತಿದ್ದುದು ಬರಿಯ ಕೊಟ್ಟಿಗೆಯಲ್ಲ. ಗುರುಮಲ್ಲಮ್ಮ ಹುಟ್ಟಿದ ವರ್ಷ ಮರದ ವ್ಯಾಪಾರಿ ಚಿಕ್ಕಮಲ್ಲಪ್ಪನವರು ಅದನ್ನು ಕಟ್ಟಿಸಿದ್ದರು. ಬೆಟ್ಟದಿಂದ ಇಳಿಸಿದ ಹೊನ್ನೆ ಮರದ ಕಂಬಗಳು, ರೈಲಿನಲ್ಲಿ ಬಂದ ತಗಡುಗಳು. ಸಾವಿರ ಜನ ಕೂರುವಷ್ಟು ಜಾಗ, ನಟ್ಟನಡುವೆ ಕಣ, ಒಂದು ತುದಿಗೆ ನಾಟಕದ ಅಟ್ಟ. ಭಾನುವಾರ ಭಾನುವಾರ ಕುಸ್ತಿ. ಮೈಸೂರು, ನಂಜನಗೂಡು, ಕೊಳ್ಳೇಗಾಲ, ಘಟ್ಟದ ಕೆಳಗಿನ ಸತ್ಯಮಂಗಲದಿಂದಲೂ ಪೈಲ್ವಾನರು ಬರುತ್ತಿದ್ದರು. ಕಂಪನಿ ನಾಟಕ ಬಂದರೆ ಕಣದ ಮೇಲೆ ಹಲಗೆ ಮುಚ್ಚುತ್ತಿದ್ದರು. ಆಗ ಮಾತ್ರ ಹೆಂಗಸರು ಬಿದಿರು ತಟ್ಟಿಯ ಹಿಂದೆ ಕೂತು ನೋಡಬಹುದಿತ್ತು. ಯುದ್ಧದ ಕಾಲದಲ್ಲಿ ಅಲ್ಲಿ ರೇಷನ್ ಅಕ್ಕಿ ಹಂಚಿದರು. ಸ್ವಾತಂತ್ರ್ಯ ಬಂದಾಗ ಮಕ್ಕಳಿಗೆ ಮಿಠಾಯಿ ಕೊಟ್ಟರು. ಆಮೇಲಾಮೇಲೆ ಕುಸ್ತಿ ಕಡಿಮೆಯಾಯಿತು. ಕಚೇರಿಯ ಗುಮಾಸ್ತರು ಬಲೆ ಕಟ್ಟಿ ಚೆಂಡಾಡಿದರು, ಟೂರಿಂಗ್ ಸಿನಿಮಾದವರು ಎರಡು ಬೇಸಿಗೆ ಬಂದು ಹೋದರು. ಈ ವರ್ಷದ ಚುನಾವಣೆಯಲ್ಲಿ ಓಟಿನ ಪೆಟ್ಟಿಗೆಗಳನ್ನು ಅಲ್ಲೇ ಇಟ್ಟಿದ್ದರು. ಪೆಟ್ಟಿಗೆಗಳು ಹೋದ ಮೇಲೆ ಕೆಡಹುವ ನೋಟೀಸು ಬಂತು. ಚಿಕ್ಕಮಲ್ಲಪ್ಪನವರು ತೀರಿಕೊಂಡಿದ್ದರು, ಮಕ್ಕಳು ಜಾಗವನ್ನು ಊರಿಗೆ ಬರೆದುಕೊಟ್ಟಿದ್ದರು.

ಈ ಇಪ್ಪತ್ತೆರಡು ವರ್ಷವೂ ಕಣ ನೋಡಿಕೊಂಡವನು ಕೆಂಪಯ್ಯ. ಮಟ್ಟಿ ಅಗೆಯುವುದು, ಜರಡಿ ಹಿಡಿಯುವುದು, ಎಣ್ಣೆ ಮಜ್ಜಿಗೆ ಕಲೆಸುವುದು, ಹುಡುಗರಿಗೆ ಪಟ್ಟು ಹೇಳಿಕೊಡುವುದು, ಜೋಡಿ ಕಟ್ಟುವುದು ಎಲ್ಲ ಅವನದೇ. ಊರೆಲ್ಲ ಅವನನ್ನು ಉಸ್ತಾದ್ ಎನ್ನುತ್ತಿತ್ತು.

ಸಂಜೆ ಅವನು ಬಂದ. ತಲೆಯ ಮೇಲೆ ಮಣ್ಣಿನ ಕುಕ್ಕೆ, ಬರಿಗಾಲು. ಮಗಳನ್ನು ಕಂಡು ಮುಖ ಅರಳಿತು. ಕುಕ್ಕೆಯನ್ನು ಕೋಣೆಯಲ್ಲಿ ಸುರಿದು, ಕೈ ತೊಳೆದು ಬಂದು ಅವಳ ಎದುರು ಕುಕ್ಕುರುಗಾಲಲ್ಲಿ ಕೂತ.

"ಬಂದ್ಯಾ ನನ್ನವ್ವಾ? ಬಸ್ಸಲ್ಲಿ ಜಾಗ ಸಿಕ್ತಾ?"

"ಸಿಕ್ತಪ್ಪ. ಅವ್ರದೇ ಬಸ್ಸು."

"ಹ್ಞೂ. ನಿನ್ನ ಗಂಡನ ಬಸ್ಸು ನಿಲ್ಸಕ್ಕೇ ನನ್ನ ಕಣ ಕೆಡವ್ತಾ ಇರೋದು. ಹೇಳವ್ನಾ ಅಂವ?"

ಅವಳ ಗಂಡ ಲಿಂಗಯ್ಯ ಗುಂಡ್ಲುಪೇಟೆ ದಾರಿಯ ಬಸ್ಸಿನಲ್ಲಿ ಕಂಡಕ್ಟರು. ಗುರುಮಲ್ಲಮ್ಮ ಆ ಮಾತಿಗೆ ಹೋಗಲಿಲ್ಲ. "ಅಪ್ಪ, ಕೋಣೆ?" ಎಂದಳು.

"ಒಂದು ಹದಿನೈದು ದಿನ ತಡಿ ಕಣವ್ವಾ. ಎಲ್ಲಾದ್ರೂ ಒಂದು ಗರಡಿ ನೋಡಿ ಸಾಗಿಸ್ಬುಡ್ತೀನಿ. ಕಣದ ಮಟ್ಟಿ ಕಣಕ್ಕೇ ಓಗ್ಬೇಕು. ರಸ್ತೆಗೆ ಹಾಕಿ ಚಪ್ಲಿ ಕಾಲಲ್ಲಿ ತುಳುಸಕ್ಕಾಯ್ತದಾ?"

"ಹದಿನೈದು ದಿನ!" ಒಳಗಿಂದ ದೊಡ್ಡಮಲ್ಲಮ್ಮ ಒಲೆ ಊದುತ್ತಲೇ ಹೇಳಿದಳು. "ಈ ಸುತ್ತೂರಲ್ಲಿ ಗರಡಿ ಎಲ್ಲದೆ? ಚಂದಕವಾಡಿದು ಹಿಟ್ಟಿನ ಮಿಲ್ಲಾಗದೆ. ಬದನಗುಪ್ಪೇದ್ರಲ್ಲಿ ಹುಲ್ಲು ತುಂಬವ್ರೆ. ಮಗಳು ಹೆತ್ತ ಮನೇಲಿ ಮೈಲಿಗೆ. ನಿನ್ನ ಕಣದ ಮಟ್ಟಿಗೆ ಮೈಲಿಗೆ ಆಗ್ಬಾರ್ದು. ಹಂಗಾರೆ ಅವಳೆಲ್ಲಿ ಹೆರ್ಬೇಕು, ಬೀದೀಲಾ?"

ಕೆಂಪಯ್ಯ ಎದ್ದು ಜಗುಲಿಗೆ ಹೋದ.

*

ಅವತ್ತಿನಿಂದ ತಾಯಿ ಮಗಳು ನಡುಮನೆಯಲ್ಲಿ ಮಲಗಿದರು, ಕೆಂಪಯ್ಯ ಜಗುಲಿಯಲ್ಲಿ. ಚಿಕ್ಕಮಾದು, ಗುರುಮಲ್ಲಮ್ಮನ ಅಣ್ಣ, ಅಡಿಗೆಮನೆಯ ಬಾಗಿಲಲ್ಲಿ ಕಾಲು ಮಡಚಿಕೊಂಡು ಮಲಗಿದ. ಅವನು ಅಕ್ಕಿ ಮಿಲ್ಲಿನ ಆಳು. ಬೇಸಿಗೆಗೆ ಮಿಲ್ಲು ಮುಚ್ಚಿತ್ತು. ಆದರೂ ದಿನಾ ಬೆಳಗಾದರೆ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದರೆ "ಕೆಲ್ಸಕ್ಕೆ" ಎನ್ನುತ್ತಿದ್ದ.

ಅವನ ಅಂಗಿ ಒಗೆಯುವಾಗ ಗುರುಮಲ್ಲಮ್ಮನಿಗೆ ಗೊತ್ತಾಯಿತು. ಬೆನ್ನಿನುದ್ದಕ್ಕೂ ತುಕ್ಕಿನ ಗೆರೆ. ತಗಡು ಹೊತ್ತವನ ಅಂಗಿ. ಅವಳು ಬೂದಿ ಹಾಕಿ ಎರಡು ಸಲ ಉಜ್ಜಿದಳು, ಅಪ್ಪ ಕಾಣದ ಕಡೆ ಒಣಹಾಕಿದಳು.

ಮುಚ್ಚಿಟ್ಟರೆ ಎಷ್ಟು ದಿನ? ಕೆಂಪಯ್ಯ ದಿನಾ ಹೋಗುತ್ತಿದ್ದುದೂ ಅದೇ ಕೊಟ್ಟಿಗೆಗೆ. ಒಂದು ದಿನ ಕುಕ್ಕೆ ತುಂಬುತ್ತಾ ತಲೆಯೆತ್ತಿದರೆ ಸೂರಿನ ಅಂಚಿನಲ್ಲಿ ಮಗನ ಕಾಲು ಕಂಡಿತು. ಅವತ್ತು ರಾತ್ರಿಯ ಊಟಕ್ಕೆ ತಟ್ಟೆ ಹಾಕುವಾಗ ಸಿಡಿಯಿತು.

"ಎಲ್ಲಿ ಕೆಲ್ಸ ಮಾಡ್ತಾ ಇದ್ದೀಯಲಾ?"

"ಗೊತ್ತಲ್ಲ ನಿಂಗೆ."

"ನಿನ್ನ ಬಾಯಲ್ಲಿ ಹೇಳು."

"ಕೊಟ್ಟಿಗೇಲಿ. ಜಬ್ಬಾರ್ ಮೇಸ್ತ್ರಿ ಕರುದ್ರು, ಓದೆ."

"ಆ ಸೂರಡೀಲಿ ನಿನ್ನ ಹೆಗಲ ಮೇಲೆ ಕೂರ್ಸ್ಕಂಡು ಕುಸ್ತಿ ತೋರ್ಸಿದ್ನಲ್ಲಲಾ. ಅದ್ನೇ ಕೀಳ್ತೀಯಾ?"

"ನಾ ಕೀಳ್ದೆ ಇದ್ರೆ ನಿಲ್ತದಾ ಅಪ್ಪ? ಇನ್ನೊಬ್ಬ ಕೀಳ್ತಾನೆ. ಮಿಲ್ಲು ಮುಚ್ಚದೆ. ತಂಗಿ ಹೆರ್ಗೇಗೆ ತುಪ್ಪ ಬೆಲ್ಲ ತರ್ಬೇಕಾ ಬ್ಯಾಡ್ವಾ?"

"ಆ ತುಪ್ಪ ನಂಗೆ ಬ್ಯಾಡ."

"ನಿಂಗಲ್ಲ ಕಣಪ್ಪ. ಅವಳಿಗೆ."

ಕೆಂಪಯ್ಯ ತಟ್ಟೆ ದೂಡಿ ಎದ್ದ. ಆಮೇಲೆ ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತು ಉಣ್ಣಲಿಲ್ಲ. ದೊಡ್ಡಮಲ್ಲಮ್ಮ ಎರಡು ಸಲ ಬಡಿಸಬೇಕಾಯಿತು. ಮೊದಲು ಮಗನಿಗೆ ಬಿಸಿ ಮುದ್ದೆ, ಅವನೆದ್ದ ಮೇಲೆ ಗಂಡನಿಗೆ ಆರಿದ ಮುದ್ದೆ. "ನಂಗೆ ಎಲ್ಡು ಮನೆ ಆದಂಗಾಯ್ತು" ಎಂದು ಅವಳು ಸೊಂಟ ಹಿಡಿದುಕೊಂಡು ಏಳುತ್ತಿದ್ದಳು.

ಆದರೆ ಗುರುಮಲ್ಲಮ್ಮ ಒಂದನ್ನು ನೋಡಿದಳು. ಜಗಳವಾದ ಮೂರನೆಯ ದಿನ ಚಿಕ್ಕಮಾದು ಒಂದು ಅಗಲವಾದ ಹಲಗೆ ಹೊತ್ತು ತಂದ. ನಾಟಕದ ದಿನ ಕಣಕ್ಕೆ ಮುಚ್ಚುತ್ತಿದ್ದ ಹಲಗೆ. ಅದನ್ನು ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲಿಸಿ ಗೂಟ ಹೊಡೆದ, ಮಣ್ಣು ಜಾರಿ ತಂಗಿ ಮಲಗುವ ಚಾಪೆಗೆ ಬರದ ಹಾಗೆ. ಸಂಜೆ ಕೆಂಪಯ್ಯ ಅದನ್ನು ಕಂಡ. ಕೈಯಿಂದ ಒಮ್ಮೆ ತಡವಿದ. ಕೀಳಲಿಲ್ಲ. ಕುಕ್ಕೆಯನ್ನು ಅದರ ಮೇಲಿನಿಂದ ಎತ್ತಿ ಆಚೆಗೆ ಸುರಿದ.

*

ಒಂದು ಮಧ್ಯಾಹ್ನ ಅಬ್ದುಲ್ ಜಬ್ಬಾರ್ ಮನೆಗೇ ಬಂದ. ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟಿಗೆಯ ಸೂರು ಜೋಡಿಸಿದ ಬಡಗಿ ಅವನೇ. ಆಗ ಹುಡುಗ, ಈಗ ಗಡ್ಡ ನರೆತಿತ್ತು. ಕುಸ್ತಿಯ ದಿನಗಳಲ್ಲಿ ಪೈಲ್ವಾನರ ಜೊತೆ ಇದೇ ನಡುಮನೆಯಲ್ಲಿ ಕೂತು ಉಂಡವನು. ಈಗ ಕೆಡಹುವ ಕಂಟ್ರಾಕ್ಟೂ ಅವನ ಪಾಲಿಗೇ ಬಂದಿತ್ತು.

ಜಗುಲಿಯ ಮೇಲೆ ಕೂತಿದ್ದ ಕೆಂಪಯ್ಯ ಅವನನ್ನು ಕಂಡು ಗೋಡೆಯ ಕಡೆ ತಿರುಗಿದ.

"ಉಸ್ತಾದ್, ಒಂದು ಮಾತು."

ಕೆಂಪಯ್ಯ ಬೀಡಿ ಹಚ್ಚಿದ.

ಜಬ್ಬಾರ್ ಒಳಗಿದ್ದ ದೊಡ್ಡಮಲ್ಲಮ್ಮನ ಕಡೆ ನೋಡಿದ. "ಅಕ್ಕಾ, ನೀವಾದ್ರೂ ಕೇಳಿ. ಬೇರೆ ಯಾರಾದ್ರೂ ತಗೊಂಡಿದ್ರೆ ಕಂಬಕ್ಕೆ ಹಗ್ಗ ಕಟ್ಟಿ ಎತ್ತಿನಿಂದ ಎಳೆಸಿಬಿಡ್ತಿದ್ರು. ಒಂದೇ ದಿನದ ಕೆಲ್ಸ. ನಾನು ಜೋಡ್ಸಿದ್ದು, ನಾನೇ ಬಿಚ್ತೀನಿ ಅಂತ ತಗೊಂಡೆ. ಒಂದು ಮೊಳೆ ಕೂಡ ಬಗ್ಗಬಾರ್ದು ಅಂತ ಬಿಚ್ತಾ ಇದ್ದೀನಿ."

"ಮೊಳೆ ಬಗ್ಗದೆ ಇದ್ರೆ ಕೊಟ್ಟಿಗೆ ನಿಂತ್ಕತದಾ?" ಕೆಂಪಯ್ಯ ಗೋಡೆಗೆ ಹೇಳಿದ.

ಜಬ್ಬಾರ್ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಬಿಸಿಲಿಗೆ ಅವನ ತುಟಿ ಒಡೆದಿತ್ತು. ದೊಡ್ಡಮಲ್ಲಮ್ಮ ನೀರಿನ ಚೊಂಬು ತಂದು, ಆಮೇಲೆ ನೆನಪಾಗಿ ಹಿಂದಕ್ಕೆ ಹಿಡಿದಳು. "ಅಯ್ಯೋ, ರಂಜಾನ್ ಉಪವಾಸ ಅಲ್ವಾ ಸಾಬ್ರೆ? ಈ ಬಿಸಿಲಲ್ಲಿ ತಗಡಿನ ಮೇಲೆ ಹತ್ತೀರಲ್ಲ. ವಸಿ ನೆಳ್ಳಲ್ಲಾದ್ರೂ ಕೂತ್ಕಳಿ."

"ಇಲ್ಲ ಅಕ್ಕ, ಇನ್ನೂ ಆರು ರೋಜಾ. ಬರ್ತೀನಿ" ಎಂದು ಹೋದ.

"ನೀರು ಕುಡೀದೆ ಬಂದು ನಿಂತಿದ್ನಲ್ಲ. ಕೂತ್ಕ ಅನ್ನಕ್ಕೂ ನಿಂಗೆ ಬಾಯಿಲ್ವಾ?" ಎಂದಳು ದೊಡ್ಡಮಲ್ಲಮ್ಮ. ಕೆಂಪಯ್ಯ ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿದ.

*

ಭಾನುವಾರ ಬಂತು. ಗುರುಮಲ್ಲಮ್ಮ ಮಧ್ಯಾಹ್ನದ ನಿದ್ದೆಯಿಂದ ಎದ್ದು ಅಡಿಗೆಮನೆಗೆ ಹೋದರೆ ಮಸಾಲೆಯ ಘಮ ಮನೆ ತುಂಬಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ, ಮೊರದ ತುಂಬ ಮುದ್ದೆ. ಅವ್ವ ಕೈಗೆ ನೀರು ಸವರಿಕೊಂಡು ಇನ್ನೊಂದು ಮುದ್ದೆ ಕಟ್ಟುತ್ತಿದ್ದಳು.

"ಅವ್ವಾ, ಇಷ್ಟೊಂದು ಯಾರಿಗೆ?"

ದೊಡ್ಡಮಲ್ಲಮ್ಮನ ಕೈ ನಿಂತಿತು. ಮೊರ ನೋಡಿದಳು. ಹನ್ನೆರಡು ಮುದ್ದೆ. ಮನೆಯಲ್ಲಿ ನಾಲ್ಕು ಜನ.

ಇಪ್ಪತ್ತು ವರ್ಷ ಭಾನುವಾರವೆಂದರೆ ಎಂಟು ಜನ ಪೈಲ್ವಾನರು, ಮನೆಯವರು ಬೇರೆ. ಕುಸ್ತಿ ಮುಗಿಸಿ ಬಂದವರು ಅಲ್ಲೇ ಗೋಡೆಗೆ ಒರಗಿ ಉಣ್ಣುತ್ತಿದ್ದರು. ಕುಸ್ತಿ ನಿಂತು ಎರಡು ವರ್ಷವಾದರೂ ಒಬ್ಬಿಬ್ಬರಾದರೂ ಮಾತಿಗೆಂದು ಬರುತ್ತಿದ್ದರು. ಸೂರು ಕೀಳಲು ಶುರುವಾದ ಮೇಲೆ ಯಾರೂ ಬಂದಿರಲಿಲ್ಲ.

"ಕೈ ರೂಡಿ ಕಣಮ್ಮಿ" ಎಂದು ಅವಳು ನಿಧಾನವಾಗಿ ನೆಲಕ್ಕೆ ಕೂತಳು. "ಹಿಟ್ಟು ಹಾಕ್ವಾಗ ಯೋಚ್ನೆನೇ ಬರ್ನಿಲ್ಲ. ಹುಸೇನನ ಅಂಗ್ಡಿಗೂ ಓಗಿ ಎಲ್ಡು ಸೇರು ಬಾಡು ತಂದ್ಬುಟ್ಟಿದ್ದೀನಿ. ಅಂವ ಕೂಡ ಏನೂ ಕೇಳ್ನಿಲ್ಲ, ತೂಗ್ಕೊಟ್ಟ."

ನಗಲು ಹೋದ ಗುರುಮಲ್ಲಮ್ಮನ ನೋಟ ಅವ್ವನ ಅಂಗೈ ಮೇಲೆ ಬಿತ್ತು. ಗೆರೆಗಳಲ್ಲಿ ಅರಿಶಿನ ಕೂತು ಎಷ್ಟೋ ಕಾಲವಾಗಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅವತ್ತು, ಮಾರನೆಯ ದಿನ, ಅದರ ಮಾರನೆಯ ದಿನ ಮನೆಯವರೆಲ್ಲ ಅದೇ ಸಾರು ಉಂಡರು. "ಹಳಸೋವರ್ಗೂ ಉಣ್ಣಿ" ಎಂದು ದೊಡ್ಡಮಲ್ಲಮ್ಮ ಬಡಿಸಿದಳು.

*

ಭರಣಿ ಮಳೆ ಆ ವರ್ಷ ಗುಡುಗಿಕೊಂಡೇ ಬಂತು. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗಿ ಗಾಳಿ ಎದ್ದಿತು. ಜಗುಲಿಯಲ್ಲಿ ಒರಗಿದ್ದ ಕೆಂಪಯ್ಯ ದಡಕ್ಕನೆ ಎದ್ದ.

"ಸೂರು ತೆಗ್ದವ್ರೆ. ಮಟ್ಟಿ ಕೆಸರಾಗೋಯ್ತದೆ!"

"ಈ ಮಳೇಲಿ ಎಲ್ಲೋಯ್ತೀಯ?" ಎಂದು ಹೆಂಡತಿ ಕೂಗಿದರೂ ಕೇಳದೆ ತಲೆಗೆ ಗೋಣಿ ಹಾಕಿಕೊಂಡು ಓಡಿದ. ಅರುವತ್ತು ವರ್ಷದವನು ಬೀದಿಯ ನೀರಿನಲ್ಲಿ ಬರಿಗಾಲಲ್ಲಿ ಓಡುವುದನ್ನು ಗುರುಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಹೊಟ್ಟೆಯೊಳಗೆ ಮಗು ಒದೆಯಿತು.

ಒಂದು ಗಂಟೆಯಾದ ಮೇಲೆ ಅವನು ಹಿಂದಿರುಗಿದ. ಬಟ್ಟೆಯೆಲ್ಲ ಒದ್ದೆ. ಮುಖದಲ್ಲಿ ಗಾಬರಿ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

"ಏನಾಯ್ತಪ್ಪ? ಎಲ್ಲ ನೆಂದೋಯ್ತಾ?"

"ಇಲ್ಲ. ಒಣಗೇ ಅದೆ."

"ಹೆಂಗೆ?"

ಅವನು ತಲೆ ಒರೆಸಿಕೊಳ್ಳುತ್ತಾ ಒಳಗೆ ಹೋದ. ಉತ್ತರ ಕೊಟ್ಟವನು ಸಂಜೆ ಬಂದ ಚಿಕ್ಕಮಾದು. ಅಪ್ಪನಿಗೆ ಕೇಳಲಿ ಎಂದೇ ಜೋರಾಗಿ ತಂಗಿಗೆ ಹೇಳಿದ.

"ತಗಡು ನಡುವಿಂದ ತೆಗೆಯೋದು ಸಲೀಸು ಕಣಮ್ಮಿ. ಓವರ್ಸಿಯರು ದಿನಾ ಬಂದು ಬಯ್ತಾ ಅವ್ರೆ, ನಡುವಿಂದ ತೆಗೀರಿ, ಬೇಗ ಮುಗೀತದೆ ಅಂತ. ಮೇಸ್ತ್ರಿ ಕಿವಿಗೆ ಬೀಳ್ದೇ ಇದ್ದಂಗೆ ಮಾಡಿ ಅಂಚಿಂದ ತೆಗುಸ್ತಾ ಅವ್ರೆ. ಉಸ್ತಾದ್ ಮಣ್ಣು ಹೊತ್ತು ಮುಗ್ಸೋವರ್ಗೂ ಕಣದ ಮೇಲಿನ ತಗಡು ಮುಟ್ಟಬ್ಯಾಡಿ ಅಂತ ನಮಗೆಲ್ಲ ಹೇಳವ್ರೆ. ರೋಜಾ ಇದ್ಕಂಡು ಎಲ್ಡು ಸಲ ಹತ್ತಿ ಇಳೀಬೇಕು ಅದ್ಕೆ. ಒಂದು ಸಲ ಬಿದ್ದೇಬುಡ್ತಿದ್ರು."

ಜಗುಲಿಯಲ್ಲಿ ಕೆಂಪಯ್ಯ ಕೆಮ್ಮಿದ. ಅವತ್ತು ಊಟಕ್ಕೆ ಮಗ ಕೂತಾಗಲೇ ತಾನೂ ಬಂದು ಕೂತ. ದೊಡ್ಡಮಲ್ಲಮ್ಮ ಎರಡು ತಟ್ಟೆಗೂ ಬಿಸಿ ಮುದ್ದೆಯನ್ನೇ ಇಟ್ಟಳು.

*

ಮಣ್ಣು ಹೊರುವುದು ಮುಗಿಯಿತು. ಗುರುಮಲ್ಲಮ್ಮನಿಗೆ ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿತು. ಕೋಣೆಯಲ್ಲಿ ಗುಡ್ಡೆ ಈಗ ಸೊಂಟದವರೆಗೆ ಬಂದಿತ್ತು. ಸೂಲಗಿತ್ತಿ ಬೀಬಿಜಾನ್ ಒಂದು ದಿನ ಬಂದು ಗುರುಮಲ್ಲಮ್ಮನ ಹೊಟ್ಟೆ ಮುಟ್ಟಿ ನೋಡಿ, "ಮಗು ತಲೆ ಕೆಳಗೆ ಬಂದಿದೆ. ಇನ್ನು ಇಪ್ಪತ್ತು ದಿನ ಅಂದ್ಕೊಳ್ಳಿ. ಕೋಣೆ ಎಲ್ಲಿ ಮಾಡಿದ್ದೀರಾ, ತೋರ್ಸಿ" ಎಂದಳು. ತೋರಿಸಿದರು. ಅವಳು ಗುಡ್ಡೆ ನೋಡಿ, ಗುರುಮಲ್ಲಮ್ಮನ ಮುಖ ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಮಗೂಗೆ ಹುಟ್ತಾನೇ ಕುಸ್ತಿ ಕಲಿಸ್ತೀರಾ?" ಎಂದು ಹೋದಳು.

ಆ ಭಾನುವಾರ ಲಿಂಗಯ್ಯ ಹೆಂಡತಿಯನ್ನು ನೋಡಲು ಬಂದ. ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಬೇಗೂರಿನಿಂದ ತಂದ ಒಂದು ಗೊನೆ ಬಾಳೆಹಣ್ಣು. ಅತ್ತೆ ಕಾಲು ತೊಳೆಯಲು ನೀರು ಕೊಟ್ಟಳು. ಮಾವ ಜಗುಲಿಯಿಂದ ಇಳಿಯಲಿಲ್ಲ.

"ಬಂದ್ರಾ ಅಳಿಮಯ್ಯ? ಬಸ್ ಸ್ಟ್ಯಾಂಡು ನೋಡಕ್ಕಾ?"

"ಇಲ್ಲ ಮಾವ, ಹೆಂಡ್ರು ನೋಡಕ್ಕೆ. ಅವಳೆಲ್ಲವ್ಳೆ, ಮಣ್ಣಡೀಲಿ ಹೂತಾಕ್ಬುಟ್ರಾ?"

ಒಳಗೆ ಗುರುಮಲ್ಲಮ್ಮನಿಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು.

ಹಣ್ಣು ತಿನ್ನುತ್ತಾ ಲಿಂಗಯ್ಯ ತಾನು ಬಂದ ವಿಷಯ ಹೇಳಿದ. ಗುಂಡ್ಲುಪೇಟೆಯಲ್ಲಿ ಎಣ್ಣೆ ಗಾಣದ ಹಿಂದೆ ಒಂದು ಚಿಕ್ಕ ಗರಡಿ ಇದೆ. ಹತ್ತು ಹನ್ನೆರಡು ಹುಡುಗರು ಬರುತ್ತಾರೆ. ಮಟ್ಟಿ ತೆಳುವಾಗಿದೆ, ಕಲ್ಲು ಸಿಗುತ್ತದೆ. ಅಲ್ಲಿಯ ಲೆಕ್ಕದ ಮೇಷ್ಟ್ರು ಅಪ್ಸರ್ ಪಾಷಾ ಅದನ್ನು ನೋಡಿಕೊಳ್ಳುವವರು. ಚಾಮರಾಜನಗರದ ಕಣದ ಮಟ್ಟಿ ಎಂದರೆ ಕಣ್ಣಿಗೊತ್ತಿಕೊಂಡು ಹಾಕಿಸಿಕೊಳ್ಳುತ್ತೇವೆ ಎಂದಿದ್ದಾರೆ. ದಿನಕ್ಕೆ ನಾಲ್ಕು ಮೂಟೆ ಬಸ್ಸಿನ ಟಾಪಿನಲ್ಲಿ ಹಾಕಿಕೊಂಡು ಹೋಗಬಹುದು.

"ಬಸ್ಸಲ್ಲಾ?" ಕೆಂಪಯ್ಯ ಎದ್ದು ನಿಂತ. "ಕೋಳಿ, ಕುರಿ, ಒಣಮೀನು ಹೊರೋ ಬಸ್ಸಲ್ಲಿ ನನ್ನ ಮಣ್ಣಾ? ಆ ಬಸ್ಸಿಂದ್ಲೇ ಕಣ ಓಯ್ತು. ಅದರ ತಲೆ ಮೇಲೆ ಕೂರ್ಸಿ ಕಳುಸ್ಬೇಕಾ? ಆಗಕ್ಕಿಲ್ಲ. ನನ್ನ ಮಣ್ಣು ಎಲ್ಲೂ ಓಗಕ್ಕಿಲ್ಲ."

"ಯಾರ ಮಣ್ಣು?"

ಕೇಳಿದವಳು ದೊಡ್ಡಮಲ್ಲಮ್ಮ. ದನಿ ಏರಿರಲಿಲ್ಲ. ಅದಕ್ಕೇ ಎಲ್ಲರೂ ತಿರುಗಿ ನೋಡಿದರು.

"ಯಾರ ಮಣ್ಣು ಹೇಳು. ವಾರಕ್ಕೆ ಎಲ್ಡು ಕೊಡ ಮಜ್ಜಿಗೆ ಕಡ್ದೋಳು ಯಾರು? ಅರಿಶಿಣ ಕುಟ್ಟಿ ಕುಟ್ಟಿ ಈ ಕೈ ನೋಡು, ಸಾಯೋವರ್ಗೂ ಬಣ್ಣ ಓಗಕ್ಕಿಲ್ಲ. ಎಣ್ಣೆ ಕಾಸ್ದೋಳು ನಾನು. ನಿನ್ನ ಪೈಲ್ವಾನ್ರಿಗೆ ಉಣ್ಣಾಕಿಕ್ದೋಳು ನಾನು. ಇಪ್ಪತ್ತೆಲ್ಡು ವರ್ಸ. ಒಂದು ದಿನ ಬಾ, ನೋಡು, ನೀ ಕೊಟ್ಟಿದ್ದು ಹಿಂಗಾಗದೆ ಅಂತ ತೋರ್ಸಿದ್ದೀಯಾ? ಹೆಣ್ಣು ಮುಟ್ಟಿದ್ರೆ ಕೆಡ್ತದೆ ಅಂದೆ. ಆಗ್ಲಿ ಬುಡು ಅಂದೆ. ಈಗ ನೀನೇ ತಂದು ನನ್ನ ಮನೆ ಒಳಗೆ ಸುರ್ದಿದ್ದೀಯ. ನನ್ನ ಮನೆ ಒಳಗಿರೋದು ನಂದೂ ಕಣಯ್ಯಾ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆ ದಾಟಿ, ಕೋಣೆಯೊಳಗೆ ಹೋದಳು. ಗೋಣಿ ಸರಿಸಿ ಎರಡೂ ಕೈಯನ್ನು ಮೊಣಕೈವರೆಗೆ ಮಣ್ಣಿಗೆ ಇಳಿಸಿದಳು.

ಕೆಂಪಯ್ಯ ಬಾಗಿಲವರೆಗೆ ಬಂದವನು ಅಲ್ಲೇ ನಿಂತ. ದೊಡ್ಡಮಲ್ಲಮ್ಮ ಒಂದು ಬೊಗಸೆ ಮೇಲಕ್ಕೆತ್ತಿದಳು. ಮಣ್ಣು ತಣ್ಣಗಿತ್ತು, ಹಿಟ್ಟಿನಷ್ಟು ನುಣ್ಣಗಿತ್ತು. ಮೂಗಿನ ಹತ್ತಿರ ತಂದು ಮೂಸಿದಳು. ಬೆರಳ ಸಂದಿಯಿಂದ ಅದು ಜಾರಿ ಬೀಳುವುದನ್ನು ನೋಡಿದಳು.

"ಇಷ್ಟೇನಾ?" ಎಂದಳು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. ಇಡೀ ಆಯುಸ್ಸು ಬೇರೆಯವರ ಹಬ್ಬಕ್ಕೆ ಅಡಿಗೆ ಮಾಡಿದವಳು ಕೊನೆಯಲ್ಲಿ ಒಮ್ಮೆ ಇಣುಕಿ ನೋಡಿದಂತಿತ್ತು.

ಅವಳು ಮೊರದಲ್ಲಿ ಬಗೆಯಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಕೆಂಪಯ್ಯ ಹಲಗೆಯ ಮೇಲೆ ಬಗ್ಗಿದ.

"ಹಂಗೆ ಬಗೀಬ್ಯಾಡ. ಉಂಡೆ ಕಟ್ತದೆ."

"ಮತ್ತೆಂಗೆ?"

"ಜರಡಿ ತಕ್ಕ. ಒಂದು ಕಡೆ ನಾ ಹಿಡ್ಕತೀನಿ."

ಅವನು ಕಾಲು ತೊಳೆದುಕೊಂಡು ಒಳಗೆ ಹೋದ. ಗಂಡ ಹೆಂಡತಿ ಎದುರುಬದುರು ಕೂತು ಜರಡಿಯ ಎರಡು ತುದಿ ಹಿಡಿದರು. ಲಿಂಗಯ್ಯನೂ ಚಿಕ್ಕಮಾದುವೂ ಗೋಣಿಚೀಲದ ಬಾಯಿ ಹಿಡಿದರು. ಗುರುಮಲ್ಲಮ್ಮ ಹಲಗೆಯ ಈಚೆ ಕೂತು ದಬ್ಬಳದಿಂದ ಮೂಟೆ ಹೊಲಿದಳು. ಆ ವಾಸನೆಯೊಳಗೆ ಈಗ ಅವ್ವನೂ ಇದ್ದಳು. ಮೊದಲಿಂದಲೂ ಇದ್ದಳು ಎಂದು ಅವಳಿಗೆ ಆಗ ಹೊಳೆಯಿತು. ಮಜ್ಜಿಗೆಯ ಹುಳಿ, ಅರಿಶಿನದ ಒಗರು, ಕಾಸಿದ ಎಣ್ಣೆ, ಎಲ್ಲ ಅಡಿಗೆಮನೆಯಿಂದ ಹೋದದ್ದೇ.

*

ಹನ್ನೊಂದು ದಿನ ಮೂಟೆಗಳು ಹೋದವು. ಲಿಂಗಯ್ಯ ಪ್ರತಿ ಮೂಟೆಗೂ ಲಗೇಜಿನ ಚೀಟಿ ಹರಿದ. "ಮಣ್ಣಿಗೂ ಟಿಕೆಟ್ಟಾ?" ಎಂದು ಕೆಂಪಯ್ಯ ಕೇಳಿದರೆ, "ನಿಮ್ಮ ಮಟ್ಟಿ ಪುಕ್ಕಟೆ ಓಗ್ಬಾರ್ದು ಮಾವ. ಮರ್ಯಾದೆ ಪ್ರಶ್ನೆ" ಎಂದ. ಒಂದು ದಿನ ಚೆಕಿಂಗ್ ಇನ್ಸ್‌ಪೆಕ್ಟರು ಟಾಪು ಹತ್ತಿ ಮೂಟೆ ಬಿಚ್ಚಿಸಿದರಂತೆ. ಒಳಗೆ ಕೈ ಹಾಕಿ ಮೂಸಿ, ಮೈಸೂರಿನಲ್ಲಿ ತಾವೂ ಎರಡು ವರ್ಷ ಗರಡಿಗೆ ಹೋದವರೆಂದು ಹೇಳಿ, ತಾವೇ ಮೂಟೆಯ ಬಾಯಿ ಕಟ್ಟಿ ಇಳಿದರಂತೆ.

ಕೊನೆಯ ಮೂಟೆಗಳ ಜೊತೆ ಕೆಂಪಯ್ಯನೂ ಹೋದ. ಸಂಜೆ ಬಂದವನನ್ನು ಹೆಂಡತಿ ಕೇಳಿದಳು, "ಹೆಂಗದೆ ಅಲ್ಲಿ?"

"ಜಾಗ ಸಣ್ದು. ಹುಡುಗ್ರು ಮಜ್ಜಿಗೆ ನೀರು ಮಾಡಿ ಹುಯ್ತವ್ರೆ."

"ಹೇಳ್ಕೊಟ್ಟು ಬರ್ನಿಲ್ವಾ?"

"ನಿನ್ನ ಕಡೆಯಿಂದ ಕಡ್ಸಿ ಕಳುಸ್ತೀನಿ ಅಂದಿವ್ನಿ" ಎಂದು ಕಾಲು ನೀಡಿ ಮಲಗಿದ. ದೊಡ್ಡಮಲ್ಲಮ್ಮ ಅವನ ತಲೆಯಡಿಗೆ ದಿಂಬು ಇಟ್ಟಳು.

ಮಾರನೆಯ ದಿನ ಅವಳು ಕೋಣೆ ಗುಡಿಸಿ, ಗೋಡೆಗೆ ಸುಣ್ಣ ಹೊಡೆದು, ನೆಲ ಸಾರಿಸಿದಳು. ಮೂಲೆಯಲ್ಲಿ ಮಂಚ ಹಾಕಿದರು. ಚಿಕ್ಕಮಾದು ತುಪ್ಪದ ಡಬ್ಬಿ ತಂದು ಅಟ್ಟದ ಮೇಲಿಟ್ಟ. ಕೆಂಪಯ್ಯ ಅದನ್ನು ಕಂಡು ಇಲಿ ಮುಟ್ಟದ ಹಾಗೆ ಮುಚ್ಚಳದ ಮೇಲೆ ಕಲ್ಲು ಹೇರಿದ. ಎಷ್ಟು ಸಾರಿಸಿದರೂ ಆ ವಾಸನೆ ಮಾತ್ರ ಗೋಡೆಯಲ್ಲಿ ಉಳಿಯಿತು. ಗುರುಮಲ್ಲಮ್ಮನಿಗೆ ಅದು ಬೇಡವೆನಿಸಲಿಲ್ಲ.

*

ಮತ್ತೆ ಭಾನುವಾರ. ಅಡಿಗೆಮನೆಯಿಂದ ಮಸಾಲೆಯ ಘಮ. ಗುರುಮಲ್ಲಮ್ಮ ಬಾಗಿಲಿಗೆ ಹೋಗಿ ಮೊರ ನೋಡಿದಳು. ಈ ಸಲವೂ ಹೆಚ್ಚಾಗಿತ್ತು.

"ಮರ್ತ್ಬುಟ್ಟಾ ಅವ್ವಾ?"

"ಮರೀನಿಲ್ಲ" ಎಂದಳು ದೊಡ್ಡಮಲ್ಲಮ್ಮ. ಕುಕ್ಕೆಗೆ ತೊಳೆದ ಬಾಳೆಯೆಲೆ ಹಾಸಿ ಎರಡು ಮುದ್ದೆ ಇಟ್ಟಳು. ಸಾರಿನ ಬೋಸಿಗೆ ಮುಚ್ಚಳ ಮುಚ್ಚಿ ಬಟ್ಟೆ ಕಟ್ಟಿದಳು. ಒಂದು ತಟ್ಟೆ ಇಟ್ಟಳು. ನಡುಮನೆಗೆ ತಂದು ಗಂಡನ ಮುಂದೆ ಇಳಿಸಿ ಒಳಗೆ ಹೋದಳು.

ಕೆಂಪಯ್ಯ ಸ್ವಲ್ಪ ಹೊತ್ತು ಕುಕ್ಕೆ ನೋಡುತ್ತಾ ಕೂತ. ಆಮೇಲೆ ಎದ್ದು ಅದನ್ನು ತಲೆಗಿಟ್ಟುಕೊಂಡ. "ನೀರಿನ ಚೊಂಬು ತಕ್ಕಂಡು ಬಾರವ್ವ. ನಿಧಾನಕ್ಕೆ ಬಾ" ಎಂದ ಮಗಳಿಗೆ.

ಕೊಟ್ಟಿಗೆಯ ಜಾಗ ಬಯಲಾಗಿತ್ತು. ನಾಲ್ಕು ಕಂಬ ಮಾತ್ರ ಉಳಿದಿದ್ದವು. ತಗಡುಗಳನ್ನು ಒಂದು ಬದಿಗೆ ಪೇರಿಸಿತ್ತು. ಭಾನುವಾರವಾದ್ದರಿಂದ ಕೂಲಿಯವರು ಬಂದಿರಲಿಲ್ಲ. ಕಂಬದ ನೆರಳಿನಲ್ಲಿ ಜಬ್ಬಾರ್ ಒಬ್ಬನೇ ಕೂತು, ಬಗ್ಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕುತ್ತಿದ್ದ. ಪಕ್ಕದಲ್ಲಿ ಕಾಗದದ ಮೇಲೆ ಅರ್ಧ ತಿಂದ ಬನ್ನು ಇತ್ತು.

ಅವನಿಗೂ ಇವರಿಗೂ ನಡುವೆ ಕಣವಿದ್ದ ಜಾಗ. ಈಗ ಬರಿಯ ತಗ್ಗು. ಗುರುಮಲ್ಲಮ್ಮ ಅದರ ಅಂಚಿನಲ್ಲಿ ನಿಂತಳು. ಚಿಕ್ಕಂದಿನ ಅಭ್ಯಾಸ, ಕಾಲು ತಾನಾಗಿ ನಿಂತಿತು. ಸುತ್ತು ಹಾಕಿ ಹೋಗೋಣವೆಂದು ಪಕ್ಕಕ್ಕೆ ತಿರುಗಿದಳು.

ಆಗಲೇ ತಗ್ಗಿಗೆ ಇಳಿದಿದ್ದ ಕೆಂಪಯ್ಯ ಹಿಂದಿರುಗಿ ನೋಡಿದ. ಒಂದು ಕೈಯಿಂದ ಕುಕ್ಕೆ ಹಿಡಿದು ಇನ್ನೊಂದನ್ನು ಅವಳ ಕಡೆ ನೀಡಿದ.

"ಹಳ್ಳ ಅದೆ, ನೋಡ್ಕಂಡು ಇಳಿ" ಎಂದ.

ಅವಳು ಅಪ್ಪನ ಕೈ ಹಿಡಿದು ಇಳಿದಳು. ಕಾಲ ಕೆಳಗೆ ಗಟ್ಟಿ ನೆಲ, ಅಲ್ಲಲ್ಲಿ ಉಳಿದ ಕೆಂಪು ಪುಡಿ. ಹನ್ನೆರಡು ಹೆಜ್ಜೆಗೆ ಕಣ ಮುಗಿಯಿತು.

ಜಬ್ಬಾರ್ ಸುತ್ತಿಗೆ ಕೆಳಗಿಟ್ಟ. ಏಳಲು ಹೋದವನನ್ನು ಕೆಂಪಯ್ಯ ಕೈಸನ್ನೆಯಿಂದಲೇ ಕೂರಿಸಿದ. ಕುಕ್ಕೆ ಇಳಿಸಿದ. ಗುರುಮಲ್ಲಮ್ಮ ಚೊಂಬು ಬಗ್ಗಿಸಿದಳು. ಜಬ್ಬಾರ್ ತುಕ್ಕು ಮೆತ್ತಿದ ಕೈಗಳನ್ನು ನಿಧಾನವಾಗಿ ತೊಳೆದುಕೊಂಡ. ಐದು ವಾರದಲ್ಲಿ ಇಬ್ಬರೂ ಮುಖಕ್ಕೆ ಮುಖ ಕೊಟ್ಟಿರಲಿಲ್ಲ.

"ಹುಸೇನನ ಅಂಗ್ಡಿ ಹಲಾಲ್ ಬಾಡೇ" ಎಂದ ಕೆಂಪಯ್ಯ. "ನೀನು ಉಣ್ಣೋ ಅಂತದ್ದೇ ಯಾವಾಗ್ಲೂ ತರೋದು ಅವಳು."

"ಗೊತ್ತು ಉಸ್ತಾದ್" ಎಂದ ಜಬ್ಬಾರ್.

ಕೆಂಪಯ್ಯ ತಟ್ಟೆಯನ್ನು ವಸ್ತ್ರದಿಂದ ಒರೆಸಿದ. ಮುದ್ದೆ ಇಟ್ಟು, ಸಾರು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಅವನ ಮುಂದಕ್ಕೆ ಚಾಚಿದ.